ಕಾಣದ ಕಡೆಯ ಕೆಲಸ



ಕೈಕಸುಬುಗಳನ್ನು ಕುರಿತು ಮಾತನಾಡಬೇಕೆಂಬ ಆಹ್ವಾನ ಬಂದಾಗ ನಮಗೆ ಮೊದಲು ಸಂಕೋಚವೇ ಆಯಿತು. ನಾವು ಪುಸ್ತಕಗಳ ನಡುವೆ ಬಾಳುವವರು. ಗೋಡೆಗೆ ಒಂದು ಮೊಳೆಯನ್ನು ನೆಟ್ಟಗೆ ಹೊಡೆಯಬೇಕಾದರೂ ಎರಡು ಸಲ ಬೆರಳನ್ನು ಜಜ್ಜಿಕೊಳ್ಳುವವರು. ಬಡಗಿಯ ಕೌಶಲವನ್ನಾಗಲಿ ನೇಕಾರನ ಕೌಶಲವನ್ನಾಗಲಿ ವಿವರಿಸುವುದಕ್ಕೆ ನಮಗೆ ಯಾವ ಯೋಗ್ಯತೆಯೂ ಇಲ್ಲ. ಆದರೂ ಒಂದು ವಿಷಯವನ್ನು ಕುರಿತು ಎರಡು ಮಾತು ಹೇಳಬಹುದೆಂದು ತೋರಿತು. ಕಸುಬುದಾರರಿಗೆ ತಮ್ಮ ದಿನದಿನದ ಕೆಲಸದಲ್ಲಿ ಇರುವ ಅಭಿಮಾನ, ಅದನ್ನು ಅವರು ತಮ್ಮ ತಮ್ಮಲ್ಲಿ ಹಂಚಿಕೊಳ್ಳುವ ರೀತಿ, ಇದೇ ಆ ವಿಷಯ. ಇದರಲ್ಲಿ ನಾವು ಒಮ್ಮೆ ತಪ್ಪು ಮಾಡಿದೆವು. ಆ ತಪ್ಪಿನಿಂದ ಸ್ವಲ್ಪ ಕಲಿತೆವು. ಆದಕಾರಣ ಆ ಸಂಗತಿಯಿಂದಲೇ ಮೊದಲು ಮಾಡುತ್ತೇವೆ.

ಈಗ್ಗೆ ಹನ್ನೆರಡು ವರ್ಷಗಳ ಹಿಂದೆ ಮೈಸೂರಿನ ನಮ್ಮ ಮನೆಗೆ ಒಂದು ಪುಸ್ತಕದ ಬೀರು ಬೇಕಾಯಿತು. ವಯಸ್ಸಾದ ಒಬ್ಬ ಆಚಾರಿಯನ್ನು ಯಾರೋ ಕಳುಹಿಸಿಕೊಟ್ಟರು. ಆತ ಹಿತ್ತಲಿನಲ್ಲಿ ಚಾಪೆ ಹಾಸಿ, ಗರಗಸ, ಉಳಿ, ಕೀಸುಳಿಗಳನ್ನು ಸಾಲಾಗಿ ಜೋಡಿಸಿಕೊಂಡು ಕೆಲಸಕ್ಕೆ ಕುಳಿತ. ಮಾತು ಕಡಮೆ; ಕೈ ನಿಧಾನ. ಎಂಟನೆಯ ದಿನ ಬೀರುವಿಗೆ ಒಂದು ರೂಪು ಬಂದಿತ್ತು. ಒಂಬತ್ತನೆಯ ದಿನ ನಾವು ಕಾಲೇಜಿನಿಂದ ಹಿಂದಿರುಗಿ ನೋಡಿದರೆ, ಆತ ಬೀರುವನ್ನು ಬೋರಲಾಗಿ ಮಲಗಿಸಿ ಅದರ ಬೆನ್ನಿನ ಹಲಗೆಗಳನ್ನು ಕೀಸಿ ನುಣುಪುಮಾಡುತ್ತಿದ್ದ. ಆ ಬೆನ್ನಾದರೋ ಗೋಡೆಗೆ ಒತ್ತಿ ನಿಲ್ಲತಕ್ಕದ್ದು. ನಾವು ಸ್ವಲ್ಪ ಬೇಸರದಿಂದಲೇ ಕೇಳಿದೆವು: "ಇದೇನು ಆಚಾರ್ರೆ, ಹಿಂಭಾಗಕ್ಕೂ ಇಷ್ಟು ಕೆಲಸವೆ? ಅದನ್ನು ನೋಡುವವರು ಯಾರು?"

ಆತ ತಲೆಯೆತ್ತದೆ ಹೇಳಿದ: "ನೀವು ನೋಡೋದಿಲ್ಲ ಸ್ವಾಮಿ. ಮುಂದೆ ಒಂದು ದಿನ ಇದನ್ನ ಬಿಚ್ಚೋನು ಇನ್ನೊಬ್ಬ ಆಚಾರೀನೇ ಅಲ್ಲವೆ? ಅವನು ನೋಡ್ತಾನೆ."

ನಾವು ನಕ್ಕೆವು. ಲೆಕ್ಕ ತೀರಿಸುವ ದಿವಸ, ಬೆನ್ನಿನ ಕೆಲಸವನ್ನು ನಾವು ಹೇಳಿರಲಿಲ್ಲವೆಂದು ವಾದಿಸಿ ಒಂದು ದಿನದ ಕೂಲಿಯನ್ನು ಮುರಿದುಕೊಂಡೆವು. ಆತ ಎದುರು ಮಾತಾಡಲಿಲ್ಲ. ಕೊಟ್ಟದ್ದನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಹತ್ಯಾರುಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಟುಹೋದ. ಆ ವಾರ ನಾವು ತರಗತಿಯಲ್ಲಿ ಪಾಠ ಹೇಳುತ್ತಿದ್ದುದು ರಸ್ಕಿನ್ ಮಹಾಶಯನ ಗ್ರಂಥದ ಒಂದು ಅಧ್ಯಾಯವನ್ನು. ವೆನಿಸ್ ನಗರದ ಕಟ್ಟಡಗಳನ್ನು ಕುರಿತು ಆತ ಬರೆದು 1853ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಕೆಲಸಗಾರನಿಗೆ ತನ್ನ ಕೆಲಸದಲ್ಲಿ ಸಂತೋಷವಿಲ್ಲದಿದ್ದರೆ ಸಮಾಜವೇ ಕೆಡುತ್ತದೆಂಬ ವಾದವಿದೆ. ಅದನ್ನು ಬಹು ಆವೇಶದಿಂದ ವಿವರಿಸಿದೆವೆಂದು ನೆನಪು. ಹಿತ್ತಲಿನಲ್ಲಿ ಕುಳಿತಿದ್ದವನಿಗೂ ಆ ಅಧ್ಯಾಯಕ್ಕೂ ಏನಾದರೂ ಸಂಬಂಧವುಂಟೆಂದು ನಮಗೆ ಹೊಳೆಯಲೇ ಇಲ್ಲ.

ಆ ಆಚಾರಿಯ ಮಾತಿನಲ್ಲಿ ಎರಡು ಅರ್ಥಗಳಿದ್ದುವು. ಮೊದಲನೆಯದು ಬರಿಯ ವ್ಯವಹಾರದ್ದು. ಅದನ್ನು ನಾವು ತಿಳಿದದ್ದು ಬಹಳ ತಡವಾಗಿ. ಮರವು ಕಡಿದ ಮೇಲೂ ಸುಮ್ಮನಿರುವ ವಸ್ತುವಲ್ಲ. ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಅಡ್ಡಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಹಲಗೆಯ ಒಂದು ಮುಖಕ್ಕೆ ಮೆರುಗೆಣ್ಣೆ ಹಚ್ಚಿ ಇನ್ನೊಂದನ್ನು ಬರಿದಾಗಿ ಬಿಟ್ಟರೆ, ಬರಿದಾದ ಮುಖ ಬೇಗ ತೇವವನ್ನು ಹೀರುತ್ತದೆ, ಬೇಗ ಬಿಡುತ್ತದೆ. ಎರಡು ಮುಖಗಳ ಹಿಗ್ಗುಕುಗ್ಗುಗಳು ಹೊಂದಿಕೊಳ್ಳದೆ ಹಲಗೆ ಸೊಟ್ಟಗಾಗುತ್ತದೆ. ಆದುದರಿಂದಲೇ ಬಲ್ಲ ಬಡಗಿ ಎರಡು ಮುಖಗಳನ್ನೂ ಒಂದೇ ಸಮನಾಗಿ ಕಾಣುತ್ತಾನೆ. ಬೆನ್ನಿನ ಹಲಗೆಗಳನ್ನು ಮೊಳೆ ಹೊಡೆದು ಬಿಗಿಯದೆ, ಚೌಕಟ್ಟಿನಲ್ಲಿ ಕೊರೆದ ಕಾಲುವೆಯೊಳಗೆ ಸಡಿಲವಾಗಿ ಕೂರಿಸುವುದೂ ಇದೇ ಕಾರಣದಿಂದ. ಹಿಗ್ಗುವುದಕ್ಕೆ ಅವಕಾಶವಿದ್ದರೆ ಮರ ಸೀಳುವುದಿಲ್ಲ. ನಾವು ಆಡಂಬರವೆಂದು ತಿಳಿದದ್ದು ಬೀರುವಿನ ಆಯುಸ್ಸಾಗಿತ್ತು.

ಎರಡನೆಯ ಅರ್ಥವೇ ಇಂದಿನ ನಮ್ಮ ವಿಷಯ. ಆ ಕೆಲಸಗಾರ ತನ್ನ ನ್ಯಾಯಾಧೀಶನನ್ನು ತಾನೇ ಆರಿಸಿಕೊಂಡಿದ್ದ. ದುಡ್ಡು ಕೊಡುವ ನಾವು ಅವನ ಕಣ್ಣಿಗೆ ಕೇವಲ ದುಡ್ಡು ಕೊಡುವವರು. ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಪು ಹೇಳತಕ್ಕವನು, ಎಂದೋ ಬರಲಿರುವ, ತಾನು ಎಂದೂ ಕಾಣದ, ತನ್ನ ಕಸುಬಿನವನೇ ಆದ ಇನ್ನೊಬ್ಬ. ಕುಶಲಿಯ ಅಭಿಮಾನದ ಗುಟ್ಟು ಇದೇ ಎಂದು ನಮ್ಮ ಭಾವನೆ. ಹೊಗಳಿಕೆಯನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬಹುದು. ಮೆಚ್ಚಿಕೆಯನ್ನು ಮಾತ್ರ ಬಲ್ಲವನಿಂದಲೇ ಪಡೆಯಬೇಕು.

ಇದು ಇಂದಿನ ಮಾತಲ್ಲ. ನಮ್ಮ ನಾಡಿನ ಹೊಯ್ಸಳ ದೇವಾಲಯಗಳನ್ನು ನೀವೆಲ್ಲರೂ ನೋಡಿರುತ್ತೀರಿ. ಅಲ್ಲಿಯ ವಿಗ್ರಹಗಳ ಅಡಿಪೀಠಗಳನ್ನು ಬಗ್ಗಿ ನೋಡಿದವರು ಕಡಮೆ. ಬಗ್ಗಿ ನೋಡಿದರೆ, ಹಲವು ಕಡೆಗಳಲ್ಲಿ ಕಡೆದವನ ಹೆಸರು ಕಾಣುತ್ತದೆ. ಪ್ರಾಕ್ತನ ವಿಮರ್ಶ ವಿಚಕ್ಷಣ ಆರ್. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಸಂಶೋಧನ ಶಾಖೆಯ ಮುಖ್ಯಾಧಿಕಾರಿಗಳಾಗಿದ್ದಾಗ ಇಂಥ ರುಜುಗಳನ್ನು ಒಂದೊಂದಾಗಿ ಓದಿ, ಸೋಮನಾಥಪುರವನ್ನು ಕುರಿತು 1917ರಲ್ಲಿಯೂ ಬೇಲೂರನ್ನು ಕುರಿತು 1919ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕಡೆದವರಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇದ್ದರೆಂಬುದು ಹೀಗೆ ತಿಳಿದು ಬಂತು. ಬಳ್ಳಿಗಾವೆಯಿಂದ ಬೇಲೂರಿಗೆ ತಂದೆಮಕ್ಕಳು ಹತ್ಯಾರು ಹೊತ್ತು ನಡೆದು ಬಂದ ದಾರಿಯನ್ನು ನೆನೆದರೆ, ಆ ಕಲ್ಲುಗಳ ಹಿಂದೆ ಮನುಷ್ಯರು ನಿಂತಿರುವಂತೆ ಭಾಸವಾಗುತ್ತದೆ.

ಈ ರುಜುಗಳಲ್ಲಿ ಕೆಲವು ಕೇವಲ ಹೆಸರುಗಳಲ್ಲ, ಸವಾಲುಗಳು. ಬಿರುದು ಹೊತ್ತ ರೂವಾರಿಗಳೆಂಬ ಮನ್ಮಥರಿಗೆ ತಾನು ಶಿವನೆಂಬ ಅರ್ಥದ ಬಿರುದನ್ನು ಚಾವಣ ತನ್ನ ಹೆಸರಿಗೆ ಸೇರಿಸಿಕೊಂಡಿದ್ದಾನೆ. ಈ ಸವಾಲು ಯಾರಿಗೆ? ರಾಜನಿಗೂ ಅಲ್ಲ, ದೇವರ ದರ್ಶನಕ್ಕೆ ಬಂದ ಭಕ್ತನಿಗೂ ಅಲ್ಲ. ಪಕ್ಕದ ಕಂಬದ ಬಳಿ ಅದೇ ಬಿಸಿಲಿನಲ್ಲಿ ಅದೇ ಬಳಪದ ಕಲ್ಲಿನ ಮೇಲೆ ಚಾಣ ಹಿಡಿದು ಕುಳಿತಿದ್ದ ಇನ್ನೊಬ್ಬ ರೂವಾರಿಗೆ. ಆ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆಲ್ಲ ಗಡುಸಾಗುತ್ತದೆ. ಮದನಿಕೆಯ ತಲೆಯ ಮೇಲಿನ ಬಳ್ಳಿಯ ಮಂಟಪವನ್ನು ಎಷ್ಟರಮಟ್ಟಿಗೆ ಟೊಳ್ಳಾಗಿ ಕೊರೆಯಬಹುದು, ಎಲ್ಲಿ ಕೈ ತಡೆಯಬೇಕು ಎಂಬುದು ಕಡೆಯುವವನಿಗಲ್ಲದೆ ಇನ್ನಾರಿಗೆ ಗೊತ್ತು? ನಾವು ಕೆಳಗೆ ನಿಂತು 'ಆಹಾ' ಎನ್ನುತ್ತೇವೆ. ಅವನು ಎದುರು ನೋಡುತ್ತಿದ್ದುದು ಬೇರೊಂದು ಕಣ್ಣನ್ನು.

ಹಾಸನ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ದಕ್ಷಿಣ ಮುಖದ ವಿಗ್ರಹಗಳ ಮೇಲೆ ನಂದಿಯ ಬೈಚೋಜನ ಹೆಸರೂ ಉತ್ತರ ಮುಖದವುಗಳ ಮೇಲೆ ಮಲ್ಲಿತಮ್ಮನ ಹೆಸರೂ ಇವೆ. ಒಂದೇ ಗುಡಿ, ಒಂದೇ ಕಾಲ, ಎರಡು ಪಕ್ಕಗಳಲ್ಲಿ ಇಬ್ಬರು ಉಸ್ತಾದರು. ಸಂಜೆ ಕೆಲಸ ಬಿಟ್ಟ ಮೇಲೆ ಒಬ್ಬನು ಇನ್ನೊಬ್ಬನ ಪಕ್ಕಕ್ಕೆ ಸುತ್ತಿಬಂದು, ಕೈ ಹಿಂದೆ ಕಟ್ಟಿಕೊಂಡು ನೋಡದೆ ಇದ್ದಾನೆಯೆ? ಇದು ನಮ್ಮ ಊಹೆಯೇ ಸರಿ. ಆದರೆ ಕೆಲಸಗಾರರನ್ನು ಕಂಡವರು ಅದನ್ನು ಒಪ್ಪುತ್ತಾರೆ. ಈ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ದೇವಾಲಯದಲ್ಲಿಯೂ ಇದೆ. ನುಗ್ಗೇಹಳ್ಳಿಯಾದ ಮೇಲೆ ಸೋಮನಾಥಪುರದಲ್ಲಿಯೂ ಇದೆ. ಒಬ್ಬ ಮನುಷ್ಯನ ಅರವತ್ತಕ್ಕೆ ಮಿಕ್ಕಿದ ವರ್ಷಗಳ ದುಡಿಮೆ ಇದೆಂದು ಎಣಿಸಿದ ವಿದ್ವಾಂಸರುಂಟು. ದಂಡನಾಯಕರ ಹೆಸರುಗಳು ಶಾಸನಗಳಲ್ಲಿ ಉಳಿದಿವೆ. ಅವುಗಳ ಪಕ್ಕದಲ್ಲಿ, ಒಂದು ಗೇಣು ಕಲ್ಲಿನ ಮೇಲೆ, ಕೂಲಿಗೆ ದುಡಿದವನ ಹೆಸರೂ ಉಳಿದಿದೆ.

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನೂ ಇಲ್ಲಿ ನೆನೆಯುವುದು ಉಚಿತ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ: ದೋಣಿ ನಡೆಸುವುದು, ಬಟ್ಟೆ ಒಗೆಯುವುದು, ಹಗ್ಗ ಹೊಸೆಯುವುದು, ಬಿದಿರು ಹೆಣೆಯುವುದು ಇವೇ ಅವರ ಹೆಸರಿನ ಮೊದಲ ಪದಗಳು. ಲೋಕ ಕೀಳೆಂದು ತಿಳಿದ ಕೆಲಸವನ್ನು ಅವರು ಮುಚ್ಚಿಡಲಿಲ್ಲ. ಹೆಸರಿಗಿಂತ ಮುಂದೆ ಇಟ್ಟುಕೊಂಡರು. ಕಾಯಕವೆಂಬ ಮಾತಿಗೆ ಕನ್ನಡದಲ್ಲಿ ಬಂದ ಗೌರವಕ್ಕೆ ಹಿಂದೆ ಇಂಥ ಎದೆಗಾರಿಕೆ ಇದೆ.

ಕೆಲಸದ ಬೆನ್ನಿಗೆ ಮರಳೋಣ. ಧಾರವಾಡದ ಕಡೆಯ ಕಸೂತಿಯನ್ನು ನಮ್ಮ ಮಹಿಳಾ ಶ್ರೋತೃಗಳು ನಮಗಿಂತ ಚೆನ್ನಾಗಿ ಬಲ್ಲರು. ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿ ಅದರಲ್ಲಿಲ್ಲ. ನೆಯ್ಗೆಯ ಎಳೆಗಳನ್ನು ಕಣ್ಣಿನಿಂದ ಎಣಿಸಿ ಸೂಜಿ ಹಾಕಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿಯ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಆದುದರಿಂದ ಬಟ್ಟೆಯ ಎರಡು ಕಡೆಗಳಲ್ಲಿಯೂ ಒಂದೇ ಚಿತ್ರ ಮೂಡುತ್ತದೆ. ಮುರಗಿಯೂ ಹಾಗೆಯೇ. ಗೋಪುರ, ತೇರು, ತುಳಸೀ ಬೃಂದಾವನ, ಆನೆ, ನವಿಲು, ಯಾವುದನ್ನು ಹಾಕಿದರೂ ದಾರ ಮರಳಿ ಬರುವ ದಾರಿಯನ್ನು ಮೊದಲೇ ಮನಸ್ಸಿನಲ್ಲಿ ಕಂಡಿರಬೇಕು. ಕಸೂತಿಯನ್ನು ಬಲ್ಲ ಹೆಂಗಸಿನ ಕೈಗೆ ಒಂದು ಕುಪ್ಪಸದ ಕಣವನ್ನು ಕೊಟ್ಟು ನೋಡಿ. ಆಕೆ ಮೊದಲು ಮಾಡುವ ಕೆಲಸವೆಂದರೆ ಅದನ್ನು ತಿರುಗಿಸಿ ಹಿಂಬದಿಯನ್ನು ನೋಡುವುದು. ತುಟಿ ಬಿಚ್ಚುವುದು ಆಮೇಲೆ.

ಆ ಕಸೂತಿಯನ್ನು ಹೊರುವ ಇಳಕಲ್ಲಿನ ಸೀರೆಯಲ್ಲಿಯೂ ಇಂಥದೇ ಒಂದು ಸಂಗತಿಯಿದೆ. ಹತ್ತಿಯ ಒಡಲಿನ ಹಾಸನ್ನೂ ರೇಷ್ಮೆಯ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಮಾಡಿ, ಒಂದರ ಎಳೆಗಳ ಕುಣಿಕೆಯನ್ನು ಇನ್ನೊಂದರ ಎಳೆಗಳ ಕುಣಿಕೆಗೆ ಸಿಕ್ಕಿಸಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಸೀರೆ ಉಟ್ಟವರಿಗೆ ಕೆಂಪು ಸೆರಗೂ ಅದರ ಮೇಲಿನ ಬಿಳಿಯ ತೆನೆಗಳೂ ಕಾಣುತ್ತವೆ; ಒಡಲೂ ಸೆರಗೂ ಕೂಡಿದ ಆ ಸಣ್ಣ ಗೆರೆ ಕಾಣುವುದಿಲ್ಲ. ನೇಕಾರನ ಕಣ್ಣು ಮೊದಲು ಹೋಗುವುದು ಆ ಗೆರೆಗೇ.

ಒಬ್ಬನ ಅಭಿಮಾನ ಇನ್ನೊಬ್ಬನ ಅಭಿಮಾನಕ್ಕೆ ಹೇಗೆ ಹೆಣೆದುಕೊಳ್ಳುತ್ತದೆಂಬುದಕ್ಕೆ ಬೀದರಿನ ಬಿದರಿ ಕೆಲಸವೇ ಒಳ್ಳೆಯ ದೃಷ್ಟಾಂತ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವವನು ಒಬ್ಬ. ಅದನ್ನು ಅರದಿಂದ ಉಜ್ಜಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಆ ಕಪ್ಪಿನ ಮೇಲೆ ಬಳ್ಳಿ ಹೂಗಳನ್ನು ಕೊರೆಯುವವನು ಇನ್ನೊಬ್ಬ. ಕೊರೆದ ಗೀರಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕೂರಿಸುವವನು ಮತ್ತೊಬ್ಬ. ಕಡೆಗೆ ಬೀದರಿನ ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಕಾಯಿಸಿ, ಪಾತ್ರೆಗೆ ಅದನ್ನು ಲೇಪಿಸುತ್ತಾರೆ. ಆಗ ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಯಾವ ಮಣ್ಣು ಕೆಲಸಕ್ಕೆ ಬರುತ್ತದೆಂದು ನಾಲಗೆಯ ತುದಿಯಲ್ಲಿ ರುಚಿನೋಡಿ ಹೇಳುವ ಹಿರಿಯರುಂಟು. ಎರಕದಲ್ಲಿ ಒಂದು ಗುಳ್ಳೆ ಉಳಿದರೆ ಕೊರೆಯುವವನ ಉಳಿ ಜಾರುತ್ತದೆ. ಕೊರೆದ ಗೀರು ಆಳ ಸಾಲದಿದ್ದರೆ ಬೆಳ್ಳಿ ಎದ್ದುಬರುತ್ತದೆ. ಪ್ರತಿಯೊಬ್ಬನೂ ಹಿಂದಿನವನ ಪರೀಕ್ಷಕ, ಮುಂದಿನವನ ಪರೀಕ್ಷಾರ್ಥಿ. ಅಂಗಡಿಯ ಗಿರಾಕಿ ಪಾತ್ರೆಯನ್ನು ಕಾಣುವ ಹೊತ್ತಿಗೆ ಅದು ಹಲವು ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರುತ್ತದೆ.

ಹೆಸರುವಾಸಿಯಾದ ಈ ಕಲೆಗಳ ಮಾತನ್ನೇ ಆಡುತ್ತಿದ್ದರೆ, ನಿತ್ಯದ ಕೆಲಸಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ನಮ್ಮ ಮನೆಗಳ ಗೋಡೆಗಳನ್ನು ನೋಡಿ. ಗಾರೆಯವನು ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ ಇಡುತ್ತಾನೆ. ಒಣ ಇಟ್ಟಿಗೆ ಗಾರೆಯ ನೀರನ್ನು ಕುಡಿದುಬಿಡುವುದರಿಂದ, ಗಾರೆ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ. ಒಂದು ವರಸೆಯ ಸಂದಿನ ಮೇಲೆ ಮುಂದಿನ ವರಸೆಯ ಸಂದು ಬೀಳದಂತೆ ನೋಡಿಕೊಳ್ಳುತ್ತಾನೆ. ತೂಕದ ಗುಂಡನ್ನು ಇಳಿಬಿಟ್ಟು ಮೂಲೆಯನ್ನು ಸರಿನೋಡುತ್ತಾನೆ. ಆಮೇಲೆ ಇದೆಲ್ಲವೂ ಗಿಲಾವಿನ ಹಿಂದೆ ಮುಚ್ಚಿಹೋಗುತ್ತದೆ. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯನ್ನು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿಗಾರೆಯಿಂದ ಕಟ್ಟಿದರು. ಅದನ್ನು ನೋಡಹೋದವರು ವಿಶ್ವೇಶ್ವರಯ್ಯನವರನ್ನು ನೆನೆಯುತ್ತಾರೆ, ನೆನೆಯಬೇಕಾದದ್ದೇ. ಆದರೆ ಆ ಕಲ್ಲುಗಳ ನಡುವೆ ಕರಣೆಯಿಂದ ಗಾರೆ ಒತ್ತಿದ ಕೈಗಳು ಸಾವಿರಾರು. ಸಂದಿನಲ್ಲಿ ಟೊಳ್ಳು ಬಿಟ್ಟಿದ್ದರೆ ಯಾರೂ ಕಾಣುತ್ತಿರಲಿಲ್ಲ. ನೀರು ಮಾತ್ರ ಕಾಣುತ್ತಿತ್ತು.

ಈ ಕಾಲದ ಕಸುಬುಗಳಲ್ಲಿಯೂ ಇದು ಹೀಗೆಯೇ. ನಮ್ಮ ತಾಲ್ಲೂಕು ಪಟ್ಟಣಗಳಲ್ಲೆಲ್ಲ ಮೋಟಾರಿಗೆ ತಂತಿ ಸುತ್ತುವ ಚಿಕ್ಕ ಅಂಗಡಿಗಳಿವೆ. ರೈತನ ಬಾವಿಯ ಪಂಪು ಸುಟ್ಟರೆ ಅಲ್ಲಿಗೆ ಬರುತ್ತದೆ. ಕೆಲಸದವನು ಕರಕಾದ ಸುರುಳಿಯನ್ನು ಬಿಚ್ಚಿ ಅದರಲ್ಲಿ ಎಷ್ಟು ಸುತ್ತುಗಳಿದ್ದುವು, ತಂತಿಯ ದಪ್ಪವೆಷ್ಟು ಎಂದು ಲೆಕ್ಕ ಹಿಡಿದು, ಅಷ್ಟೇ ಸುತ್ತುಗಳ ಹೊಸ ಸುರುಳಿಗಳನ್ನು ಒಂದೊಂದು ಗಾಡಿಯಲ್ಲಿಯೂ ಕೂರಿಸಿ, ತುದಿಗಳನ್ನು ದಾರದಿಂದ ಕಟ್ಟಿ ವಾರ್ನಿಷ್ ಕುಡಿಸುತ್ತಾನೆ. ಸುತ್ತು ಕಡಮೆಯಾದರೆ ವಿದ್ಯುತ್ಪ್ರವಾಹ ಹೆಚ್ಚಿ ಮೋಟಾರು ಕಾಯುತ್ತದೆ. ಇಂಥ ಒಂದು ಅಂಗಡಿಯಲ್ಲಿ ನಾವು ಒಮ್ಮೆ ಕುಳಿತಿದ್ದಾಗ, ಅಲ್ಲಿಯ ಯುವಕ ಒಂದು ಹಳೆಯ ಮೋಟಾರಿನ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಅನಂತರ ಪಕ್ಕದವನನ್ನು ಕರೆದು, "ಕಟ್ಟಿರೋದು ನೋಡೋ, ಜಡೆ ಹೆಣೆದ ಹಾಗಿದೆ" ಎಂದ. ಇಬ್ಬರೂ ಬಗ್ಗಿ ನೋಡಿದರು. ಯಾರು ಕಟ್ಟಿದ್ದು, ಯಾವ ಊರಿನಲ್ಲಿ ಕಟ್ಟಿದ್ದು ಎಂದು ಅವರಿಗೆ ಗೊತ್ತಿರಲಿಲ್ಲ. ಕಟ್ಟಿದವನಿಗೆ ಸಲ್ಲಬೇಕಾದ ಮೆಚ್ಚಿಕೆ ಅಂದು ಆ ಅಂಗಡಿಯಲ್ಲಿ ಸಂದಿತು. ಅವನಿಗೆ ಮಾತ್ರ ಅದು ತಿಳಿಯಲಿಲ್ಲ.

ಕಸುಬುದಾರರು ತಮ್ಮ ಹೆಮ್ಮೆಯನ್ನು ಹಂಚಿಕೊಳ್ಳುವುದು ಹೀಗೆ. ನಮ್ಮಂತೆ ಅವರು ಭಾಷಣ ಮಾಡುವುದಿಲ್ಲ. ಗಾರೆಯವನು ಇನ್ನೊಬ್ಬನ ಗೋಡೆಯ ಮೇಲೆ ಅಂಗೈಯಾಡಿಸುತ್ತಾನೆ. ಕಮ್ಮಾರನು ಬೇರೆಯವನು ಹದಮಾಡಿದ ಕುಡುಗೋಲನ್ನು ಉಗುರಿನಿಂದ ಮೀಟಿ ಅದರ ದನಿಯನ್ನು ಕೇಳುತ್ತಾನೆ. ಚಹದ ಅಂಗಡಿಯ ಬೆಂಚಿನ ಮೇಲೆ ಕುಳಿತು, ಇಂಥ ಮನೆಯ ಮೆಟ್ಟಿಲನ್ನು ತಿರುಗಿಸಿದ ಬಗೆ ಹೀಗೆ, ಇಂಥ ಬಾಗಿಲನ್ನು ಮಳೆಗಾಲದಲ್ಲಿ ಹಿಡಿಯದಂತೆ ಕೂರಿಸಿದ ಬಗೆ ಹೀಗೆ ಎಂದು ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆದು ತೋರಿಸುತ್ತಾನೆ. ಅದರಲ್ಲಿ ಜಂಬವೂ ಸ್ವಲ್ಪ ಇರುತ್ತದೆ, ಪಾಠವೂ ಇರುತ್ತದೆ. ನಮ್ಮ ಭಾಷೆ ಈ ಮರ್ಮವನ್ನು ಚೆನ್ನಾಗಿ ಅರಿತಿದೆ. ಒಬ್ಬನ ಕೌಶಲವನ್ನು ಕನ್ನಡಿಗ 'ಅವನ ಕೈ' ಎಂದೇ ಕರೆಯುತ್ತಾನೆ: ಪಳಗಿದ ಕೈ, ಕೈ ಕುದುರಿದೆ, ಇದು ಇಂಥವನ ಕೈಯೇ ಸರಿ. ಕೈಯೇ ಮನುಷ್ಯ, ಕೈಯೇ ರುಜು.

ಇಷ್ಟು ಹೇಳಿದ ಮೇಲೆ, ಇದಕ್ಕೆ ಎದುರಾದ ಮಾತುಗಳನ್ನೂ ಹೇಳದಿದ್ದರೆ ವಂಚನೆಯಾದೀತು. ಈ ಅಭಿಮಾನಕ್ಕೆ ದೋಷಗಳಿಲ್ಲದೆ ಇಲ್ಲ. ಗುಟ್ಟನ್ನು ಮಗನಿಗಲ್ಲದೆ ಬೇರೆಯವರಿಗೆ ಹೇಳದೆ ಅದರೊಡನೆಯೇ ಸತ್ತ ಉಸ್ತಾದರುಂಟು. ಕಸುಬನ್ನು ಜಾತಿಗೆ ಕಟ್ಟಿ, ಕಲಿಯಬಂದವನನ್ನು ಹುಟ್ಟು ಕೇಳಿ ಹಿಂದಕ್ಕೆ ಕಳುಹಿಸಿದ್ದೂ ಉಂಟು. ತಂದೆಯ ಕಸುಬು ಬೇಡವೆಂದ ಮಗನನ್ನು ಅದಕ್ಕೇ ಬಿಗಿದದ್ದೂ ಉಂಟು. ಮನೆಯ ಹೆಂಗಸರು ನೂಲು ಸುತ್ತಿ, ಹಾಸು ಹಾಕಿ, ಬಣ್ಣ ಕಟ್ಟಿ ಅರ್ಧ ಕೆಲಸ ಮಾಡಿದರೂ ನೇಕಾರನೆಂಬ ಹೆಸರು ಮಗ್ಗದ ಮೇಲೆ ಕುಳಿತ ಗಂಡಸಿಗೆ ಮಾತ್ರ ಸಂದಿತು. 1909ರಲ್ಲಿ ಭಾರತದ ಕುಶಲಕರ್ಮಿಯನ್ನು ಕುರಿತು ಗ್ರಂಥ ಬರೆದ ಆನಂದ ಕುಮಾರಸ್ವಾಮಿಯವರು ಹಳೆಯ ಶ್ರೇಣಿಗಳ ಬಾಳನ್ನು ಬಹು ಸೊಗಸಾಗಿ ಚಿತ್ರಿಸಿದ್ದಾರೆ. ಅದನ್ನು ಓದಿ ನಾವು ಪುಲಕಿತರಾಗುವಾಗ, ಶ್ರೇಣಿಯ ಬಾಗಿಲ ಹೊರಗೆ ನಿಂತಿದ್ದವರನ್ನು ಮರೆಯಬಾರದು.

ಇನ್ನೊಂದು ದೋಷ ನಮ್ಮದು, ಕಸುಬುದಾರರದಲ್ಲ. ಅಭಿಮಾನವನ್ನು ಹೊಗಳಿ ಕೂಲಿಯನ್ನು ಮುರಿಯುವುದು ವಿದ್ಯಾವಂತರಿಗೆ ಬಹಳ ಸುಲಭ. 'ಅವರು ದುಡ್ಡಿಗಾಗಿ ಮಾಡುವವರಲ್ಲ, ಕಲೆಗಾಗಿ ಮಾಡುವವರು' ಎಂದು ಹೇಳುವವನು ಬಹುಮಟ್ಟಿಗೆ ದುಡ್ಡು ಕೊಡಬೇಕಾದವನೇ ಆಗಿರುತ್ತಾನೆ. ಬೆನ್ನಿನ ಕೆಲಸಕ್ಕೆ ಒಂದು ದಿನ ಹಿಡಿಯುತ್ತದೆ. ಆ ದಿನವೂ ಅವನ ಮನೆಯಲ್ಲಿ ಒಲೆ ಹೊತ್ತಬೇಕು. ಆ ಒಂದು ದಿನವನ್ನು ನಾವು ಮುರಿದುಕೊಂಡರೆ, ಎರಡನೆಯ ಸಲ ಅವನು ಮಾಡುತ್ತಾನೆ, ಮೂರನೆಯ ಸಲವೂ ಮಾಡಬಹುದು. ಅವನ ಮಗ ಮಾಡುವುದಿಲ್ಲ. ಮಗನ ತಪ್ಪೇನೂ ಇಲ್ಲ. ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಒಂದೇ ಬೆಲೆ ಬರುವ ಸಂತೆಯಲ್ಲಿ ಒಳ್ಳೆಯ ಕೆಲಸ ಮಾಡುವವನು ದಿನದಿನವೂ ದಂಡ ತೆರುತ್ತಿರುತ್ತಾನೆ.

ಆಪತ್ತು ಇರುವುದು ಇಲ್ಲಿಯೇ. ಯಂತ್ರ ಬಂತು, ಆದುದರಿಂದ ಕಸುಬು ಕೆಟ್ಟಿತು ಎಂದು ಹೇಳುವುದುಂಟು. ಮೋಟಾರಿಗೆ ತಂತಿ ಸುತ್ತುವವನೂ ಯಂತ್ರಯುಗದವನೇ. ಅವನಲ್ಲಿ ಅಭಿಮಾನ ಬತ್ತಿಲ್ಲ. ಬತ್ತುವುದು ನೋಡುವ ಕಣ್ಣುಗಳು ಇಲ್ಲವಾದಾಗ. ಬಿಚ್ಚಿ ಸರಿಪಡಿಸಲು ಬಾರದಂತೆ ಅಂಟು ಹಾಕಿ ಮುಚ್ಚಿದ ಸಾಮಾನುಗಳು ಇಂದು ಹೆಚ್ಚುತ್ತಿವೆ. ಬಿಚ್ಚದ ವಸ್ತುವಿನ ಒಳಗನ್ನು ಯಾರೂ ನೋಡುವಂತಿಲ್ಲ. ಯಾರೂ ನೋಡದ ಒಳಗನ್ನು ಒಪ್ಪವಾಗಿ ಮಾಡುವ ಹುರುಪು ಎಷ್ಟು ದಿನ ಉಳಿದೀತು? ಆಚಾರಿಯ ಮನಸ್ಸಿನಲ್ಲಿದ್ದ ಆ 'ಇನ್ನೊಬ್ಬ ಆಚಾರಿ' ಬರುವುದೇ ಇಲ್ಲವೆಂದು ತಿಳಿದ ದಿನ ಕೀಸುಳಿ ಬೆನ್ನಿನ ಕಡೆಗೆ ಹೋಗುವುದಿಲ್ಲ.

ಹಾಗಾದರೆ ನಾವು ಏನು ಮಾಡಬಹುದು? ನಾವೆಲ್ಲರೂ ಬಡಗಿಗಳಾಗಲಾರೆವು. ಆದರೆ ಕೊಳ್ಳುವಾಗ ವಸ್ತುವನ್ನು ತಿರುಗಿಸಿ ನೋಡುವುದನ್ನು ಕಲಿಯಬಹುದು. 'ಇದನ್ನು ಹೀಗೇಕೆ ಮಾಡಿದಿರಿ?' ಎಂದು ಕೇಳಬಹುದು. ತನ್ನ ಕೆಲಸವನ್ನು ಬಲ್ಲವನು ಈ ಪ್ರಶ್ನೆಗೆ ಸಂತೋಷದಿಂದ ಉತ್ತರ ಕೊಡುತ್ತಾನೆ. ಬೆನ್ನಿನ ಕೆಲಸಕ್ಕೂ ಕೂಲಿಯನ್ನು ಕೊಡಬಹುದು. ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಹೊಯ್ಸಳ ರಾಜರ ಹೆಸರುಗಳನ್ನು ಬಾಯಿಪಾಠ ಮಾಡಿಸುವಾಗ ಮಲ್ಲಿತಮ್ಮನ ಹೆಸರನ್ನೂ ಹೇಳಿಕೊಡಬಹುದು. ಕೊನೆಯದಾಗಿ, ಕೆಲಸ ಮಾಡಿದವನ ಹೆಸರನ್ನು ಕೇಳಿ ನೆನಪಿನಲ್ಲಿಡಬಹುದು. ಇದು ತೀರ ಚಿಕ್ಕದೆಂದು ತೋರಬಹುದು. ಅದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ.

ಮೂರು ವರ್ಷಗಳ ಹಿಂದೆ ನಾವು ಮನೆ ಬದಲಾಯಿಸಬೇಕಾಯಿತು. ಪುಸ್ತಕದ ಬೀರು ಹೊಸ ಮನೆಯ ಬಾಗಿಲಿನಲ್ಲಿ ಹಿಡಿಸಲಿಲ್ಲ. ಬಿಚ್ಚಿ ಸಾಗಿಸುವುದಕ್ಕೆ ಬೇರೊಬ್ಬ ಆಚಾರಿಯನ್ನು ಕರೆಸಿದೆವು. ಮೂವತ್ತರ ಒಳಗಿನ ಹುಡುಗ. ಬೀರುವನ್ನು ಗೋಡೆಯಿಂದ ಎಳೆದು, ಹಿಂದಕ್ಕೆ ಹೋದವನು ಸ್ವಲ್ಪ ಹೊತ್ತು ಈಚೆಗೆ ಬರಲೇ ಇಲ್ಲ. ಏನಾಯಿತೆಂದು ನಾವು ಹೋಗಿ ನೋಡಿದರೆ, ಅವನು ಬೆನ್ನಿನ ಹಲಗೆಗಳ ಮೇಲೆ ಮೇಲಿನಿಂದ ಕೆಳಕ್ಕೆ ಅಂಗೈಯಾಡಿಸುತ್ತಿದ್ದ. ಒಂಬತ್ತು ಮಳೆಗಾಲ ಕಳೆದಿದ್ದರೂ ಒಂದು ಹಲಗೆಯೂ ಸೊಟ್ಟಗಾಗಿರಲಿಲ್ಲ.

"ಯಾರು ಸ್ವಾಮಿ ಇದನ್ನ ಮಾಡಿದ್ದು?" ಎಂದು ಕೇಳಿದ.

ನಮಗೆ ಉತ್ತರ ಬರಲಿಲ್ಲ. ಒಂಬತ್ತು ದಿನ ನಮ್ಮ ಹಿತ್ತಲಿನಲ್ಲಿ ಕುಳಿತು ದುಡಿದವನ ಹೆಸರನ್ನು ನಾವು ಕೇಳಿಯೇ ಇರಲಿಲ್ಲ. ಕಳುಹಿಸಿಕೊಟ್ಟವರನ್ನು ವಿಚಾರಿಸಿದೆವು, ಆತ ಊರು ಬಿಟ್ಟು ಮಗಳ ಮನೆಗೆ ಹೋದನಂತೆ, ಎಲ್ಲಿಗೆಂದು ಅವರಿಗೂ ತಿಳಿಯದು. ಮುರಿದುಕೊಂಡ ಒಂದು ದಿನದ ಕೂಲಿ ನಮ್ಮಲ್ಲಿಯೇ ಉಳಿದಿದೆ. ಏಳೆಂಟು ನೂರು ವರ್ಷಗಳ ಹಿಂದೆ ಕಲ್ಲಿನ ಮೇಲೆ ತನ್ನ ಹೆಸರನ್ನು ಕೊರೆದುಕೊಂಡ ಮಲ್ಲಿತಮ್ಮನನ್ನು ನಾವು ಬಲ್ಲೆವು. ನಮ್ಮ ಪುಸ್ತಕಗಳನ್ನು ಹೊತ್ತು ನಿಂತಿರುವ ಬೀರುವನ್ನು ಮಾಡಿದವನನ್ನು ಅರಿಯೆವು. ಆ ಹುಡುಗ ಬೀರುವನ್ನು ಜತನದಿಂದ ಬಿಚ್ಚಿ, ಹೊಸ ಮನೆಯಲ್ಲಿ ಮತ್ತೆ ಕೂಡಿಸಿ, ಬೆನ್ನನ್ನು ಗೋಡೆಯ ಕಡೆಗೆ ತಿರುಗಿಸುವ ಮುನ್ನ ಅದಕ್ಕೆ ಮತ್ತೊಂದು ಕೈ ಮೆರುಗೆಣ್ಣೆ ಹಚ್ಚಿದ. ನಾವು ಹೇಳಿರಲಿಲ್ಲ. ಈ ಸಲ ಪೂರ್ತಿ ಕೂಲಿ ಕೊಟ್ಟೆವು, ಹೆಸರನ್ನೂ ಕೇಳಿದೆವು.